ಊರ ಕಲ್ಲು, ಕಿವಿಯ ಕಲ್ಲು

ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ನಾನು ಯಾವತ್ತೂ ಎಡಗಡೆಯ ಕಿಟಕಿಯ ಪಕ್ಕವೇ ಕೂರುತ್ತೇನೆ. ಗಾಳಿಯ ಆಸೆಗಲ್ಲ. ನನ್ನ ಎಡಗಿವಿ ಕೇಳಿಸುವುದಿಲ್ಲ. ಕೇಳಿಸದ ಕಿವಿಯನ್ನು ಕಿಟಕಿಗೆ ಕೊಟ್ಟು, ಕೇಳಿಸುವ ಕಿವಿಯನ್ನು ಪಕ್ಕದವರಿಗೆ ಕೊಟ್ಟರೆ ಪ್ರಯಾಣ ಸುಖವಾಗಿರುತ್ತದೆ. ಅರವತ್ತು ವರ್ಷ ಮೀರಿದ ರೂಢಿ ಇದು.

ಈ ಸಲದ ದಸರಾ ರಜೆಯಲ್ಲಿ ಪಕ್ಕದಲ್ಲಿ ಕೂತವಳು ನನ್ನ ಮೊಮ್ಮಗಳು. ಬೆಂಗಳೂರಿನಲ್ಲಿ ಏಳನೇ ತರಗತಿ ಓದುತ್ತಾಳೆ. ಹಿರೇಕೊಟ್ನೆಕಲ್ಲಿನಲ್ಲಿ ನನ್ನ ಸೋದರಮಾವನ ಮಗ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಬರಲೇಬೇಕೆಂದು ಮೂರು ಸಲ ಫೋನು ಮಾಡಿದ್ದ. ಅದು ನನ್ನ ತಾಯಿಯ ತವರೂರು. ಬೇಸಿಗೆ ರಜೆಯೆಲ್ಲ ನಾನು ಕಳೆದ ಊರು. ಅಲ್ಲಿಗೆ ಹೋಗದೆ ಹತ್ತು ವರ್ಷವಾಗಿತ್ತು.

ದಾರಿಯಲ್ಲಿ ಕಲ್ಲೂರು ಬಂತು. ‘ಇಲ್ಲಿ ಬಹಳ ಹಿಂದಿನ ಕಾಲದ ತಾಮ್ರದ ಕತ್ತಿಗಳು ಸಿಕ್ಕಿವೆ’ ಎಂದೆ. ಮಾನ್ವಿ ಬಂದಾಗ, ‘ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಇದ್ದ ಊರು ಇದು’ ಎಂದೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು ಎಂದೂ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ‘ಆಗ ಎಲ್ಲರಿಗೂ ಓದೋಕೆ ಬರ್ತಿತ್ತಾ ತಾತ?’ ಎಂದಳು. ಒಳ್ಳೆಯ ಪ್ರಶ್ನೆ. ಬಂಡೆಯ ಮೇಲೆ ಬರೆದದ್ದನ್ನು ಯಾರೋ ಓದಿ ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು. ದಾಸರ ಪದಗಳೂ ಹಾಗೆಯೇ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟಿ ನಮ್ಮವರೆಗೆ ಬಂದವು. ನಮ್ಮ ಸೀಮೆಯ ಜನ ಕಣ್ಣಿಗಿಂತ ಕಿವಿಯಿಂದ ಕಲಿತದ್ದೇ ಹೆಚ್ಚು.

ಮಾನ್ವಿಯಿಂದ ಮುಂದೆ ಆಟೋ ಹಿಡಿದೆವು. ಎರಡೂ ಕಡೆ ಕಪ್ಪು ಎರೆ ಹೊಲ, ಹತ್ತಿ, ತೊಗರಿ, ನಡುನಡುವೆ ಯಾರೋ ಎತ್ತಿ ತಂದು ಇಟ್ಟ ಹಾಗೆ ದುಂಡು ಬಂಡೆಗಳು. ‘ಹಿರೇ ಅಂದರೆ ದೊಡ್ಡದು. ಚಿಕ್ಕಕೊಟ್ನೆಕಲ್ ಅಂತ ಇನ್ನೊಂದು ಊರಿದೆ. ನಮ್ಮಜ್ಜಿ ಮಾತ್ರ ಕೊಟ್ಣ ಕುಟ್ಟೋ ಕಲ್ಲಿನಿಂದ ಊರಿಗೆ ಈ ಹೆಸರು ಬಂತು ಅಂತಿದ್ದಳು’ ಎಂದೆ. ಭತ್ತ ಕುಟ್ಟುವ ಕೆಲಸಕ್ಕೆ ಕೊಟ್ಟಣ ಎನ್ನುತ್ತಾರೆಂದು ಬೆಂಗಳೂರಿನ ಹುಡುಗಿಗೆ ವಿವರಿಸುವಷ್ಟರಲ್ಲಿ ಊರು ಬಂದೇಬಿಟ್ಟಿತು.

ಹೊಸ ಮನೆಯ ಮುಂದೆ ಚಪ್ಪರ, ಹೋಳಿಗೆಯ ವಾಸನೆ, ಮಕ್ಕಳ ಗದ್ದಲ. ಆ ಗದ್ದಲದ ನಡುವೆ ಐದು ವರ್ಷದ ಒಬ್ಬ ಹುಡುಗ ಮಾತ್ರ ಮೂಲೆಯಲ್ಲಿ ಮಲಗಿದ್ದ. ನನ್ನ ಸೋದರಮಾವನ ಮಗನ ಮೊಮ್ಮಗ. ಬಲಗಿವಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ. ದಿಂಬಿನ ಮೇಲೆ ಹಳದಿ ಕಲೆ.

‘ನೆಗಡಿ ಆಗಿತ್ತು. ಮೂರು ದಿನ ಆತು, ಕಿವಿ ಸೋರಾಕತ್ತೈತಿ’ ಎಂದು ಅವನ ಅಜ್ಜಿ ಹೇಳಿದರು. ಹೇಳುತ್ತಲೇ ಒಲೆಯ ಮೇಲೆ ಸಣ್ಣ ಸೌಟು ಇಟ್ಟರು. ಸೌಟಿನಲ್ಲಿ ಎಣ್ಣೆ, ಎಣ್ಣೆಯಲ್ಲಿ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ.

ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ನಿಂತೆ. ‘ಬ್ಯಾಡವಾ, ಹಾಕಬ್ಯಾಡ’ ಎಂದೆ. ದನಿ ಜೋರಾಯಿತೆಂದು ಕಾಣುತ್ತದೆ. ಮನೆಯೆಲ್ಲ ಸುಮ್ಮನಾಯಿತು. ಗೋಡೆಗೆ ಒರಗಿ ಕೂತಿದ್ದ ನನ್ನ ಚಿಕ್ಕಮ್ಮ, ಎಂಬತ್ತು ದಾಟಿದವರು, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

‘ಯಾಕ? ನಮ್ಮ ಕಾಲದಾಗ ಎಲ್ಲಾರಿಗೂ ಹಾಕಿಲ್ಲೇನು?’ ಎಂದರು ಆ ಅಜ್ಜಿ. ಬೇಸರದ ಮಾತಲ್ಲ, ನಿಜವಾದ ಅನುಮಾನ. ಅದಕ್ಕೆ ಉತ್ತರವಾಗಿ ನಾನು ಎಡಗಿವಿಯನ್ನು ಮುಂದಕ್ಕೆ ಮಡಚಿ, ಅದರ ಹಿಂದಿನ ಜಾಗ ತೋರಿಸಿದೆ. ನಿಮ್ಮ ಕಿವಿಯ ಹಿಂದೆ ಕೈ ಹಾಕಿ ನೋಡಿ ಮಕ್ಕಳೇ, ಗಟ್ಟಿ ಉಬ್ಬು ಸಿಗುತ್ತದೆ. ನನ್ನ ಕಿವಿಯ ಹಿಂದೆ ಆ ಉಬ್ಬು ಇಲ್ಲ. ಹೆಬ್ಬೆರಳಿನ ತುದಿ ಕೂರುವಷ್ಟು ಕುಳಿ ಇದೆ. ಮೊಮ್ಮಗಳೂ ಅದನ್ನು ಅವತ್ತೇ ಮೊದಲು ನೋಡಿದ್ದು.

ಅದು 1960ರ ಬೇಸಿಗೆ. ನನಗೆ ಒಂಬತ್ತು ವರ್ಷ. ಇದೇ ಊರಿನಲ್ಲಿ ನೆಗಡಿ ಬಂತು, ಕಿವಿ ನೋವು ಬಂತು, ಕಿವಿ ಸೋರತೊಡಗಿತು. ಸೋರಿದಾಗ ನೋವು ಇಳಿಯಿತು. ನೋವು ಇಳಿದದ್ದೇ ನಾನು ಗೆಳೆಯರ ಜತೆ ಬಾವಿಗೆ ಹಾರಿದೆ. ರಾತ್ರಿ ಮತ್ತೆ ನೋವು. ಅವ್ವ ಬೆಳ್ಳುಳ್ಳಿ ಎಣ್ಣೆ ಕಾಸಿಸಿ ಕಿವಿಗೆ ಬಿಟ್ಟಳು. ಹೀಗೆ ಹದಿನೈದು ದಿನ ನಡೆಯಿತು. ಕೊನೆಗೆ ಕಿವಿಯ ಹಿಂದೆ ಬಾತುಕೊಂಡು, ಕಿವಿಯೇ ಮುಂದಕ್ಕೆ ಚಾಚಿ ನಿಂತಿತು. ಜ್ವರದಲ್ಲಿ ನಾನು ಏನೇನೋ ಬಡಬಡಿಸಿದೆನಂತೆ.

ಮಾವ ಚಕ್ಕಡಿ ಕಟ್ಟಿದ. ಚಕ್ಕಡಿಯಿಂದ ಬಸ್ಸು, ಬಸ್ಸಿನಿಂದ ರಾಯಚೂರು, ಅಲ್ಲಿಂದ ರೈಲಿನಲ್ಲಿ ಹೈದರಾಬಾದು. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ದೊಡ್ಡ ಕಾಯಿಲೆ ಎಂದರೆ ಜನ ಆಮೇಲೂ ಅತ್ತಲೇ ಹೊರಡುತ್ತಿದ್ದರು. ಖರ್ಚಿಗೆ ಅವ್ವ ತನ್ನ ಕಿವಿಯ ಬುಗುಡಿ, ಬೆಂಡವಾಲಿ ಎರಡನ್ನೂ ಮಾರಿದಳು. ಆಸ್ಪತ್ರೆಯಲ್ಲಿ ನನಗೆ ನಿದ್ದೆ ಬರಿಸಿ, ಕಿವಿಯ ಹಿಂದಿನ ಮೂಳೆಯನ್ನು ಉಳಿ, ಸುತ್ತಿಗೆಯಿಂದ ಕೆತ್ತಿ, ಒಳಗಿನ ಕೀವು ತೆಗೆದರು. ಜೀವ ಉಳಿಯಿತು. ಕಿವಿ ಉಳಿಯಲಿಲ್ಲ. ಅವ್ವ ಮತ್ತೆ ಬುಗುಡಿ ಮಾಡಿಸಿಕೊಳ್ಳಲಿಲ್ಲ. ನಾನು ಬ್ಯಾಂಕು ಸೇರಿ ಮೊದಲ ಸಂಬಳದಲ್ಲಿ ಮಾಡಿಸುತ್ತೇನೆಂದರೂ ಒಪ್ಪಲಿಲ್ಲ.

ಸೌಟು ಕೆಳಗಿಳಿಯಿತು. ಮಾರನೆಯ ದಿನವೇ ಹುಡುಗನನ್ನು ರಾಯಚೂರಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಕಿವಿಗೆ ನೀರು, ಎಣ್ಣೆ, ಕಡ್ಡಿ ಯಾವುದೂ ಹೋಗಬಾರದೆಂದು ಅವನ ಅಪ್ಪನಿಗೆ ಹೇಳಿದೆ.

ಸಂಜೆ ಮೊಮ್ಮಗಳನ್ನು ಊರಾಚೆ ಬಂಡೆಗಳ ಕಡೆ ಕರೆದುಕೊಂಡು ಹೋದೆ. ಬಿಸಿಲು ಇಳಿದಿದ್ದರೂ ಬಂಡೆಗಳ ಬಿಸಿ ಇಳಿದಿರಲಿಲ್ಲ. ಎಷ್ಟೋ ವರ್ಷದ ಹಿಂದೆ ಯಾರೋ ಕಲ್ಲು ಸೀಳಲು ಕೊರೆದ ಉಳಿಯ ಗುರುತು ಒಂದು ಬಂಡೆಯ ಮೇಲೆ ಸಾಲಾಗಿ ಕಂಡಿತು. ಅದರ ಬುಡದಲ್ಲಿ ಮೊಮ್ಮಗಳಿಗೆ ಒಂದು ಮೇಕೆಯ ತಲೆಬುರುಡೆ ಸಿಕ್ಕಿತು. ಬಿಸಿಲು ಮಳೆಗೆ ಬೆಳ್ಳಗಾಗಿತ್ತು. ಅವಳು ಹೆದರಲಿಲ್ಲ. ಕಡ್ಡಿಯಿಂದ ಹೊರಳಿಸಿ, ‘ತಾತ, ಇದರ ಕಿವಿ ಎಲ್ಲಿ?’ ಎಂದಳು.

ಹೊರಗೆ ಕಾಣುವ ಕಿವಿ ಮೃದ್ವಸ್ಥಿ ಮತ್ತು ಚರ್ಮ, ಅದು ಎಂದೋ ಹೋಗಿರುತ್ತದೆ. ಉಳಿಯುವುದು ಮೂಳೆಯ ಬಾಗಿಲು. ದವಡೆ ಬಂದು ಸೇರುವ ಜಾಗದ ಹಿಂದೆಯೇ ಒಂದು ಸಣ್ಣ ತೂತು, ಅದರ ಕೆಳಗೆ ಒಳಗೆ ಟೊಳ್ಳಾದ ಒಂದು ಉಬ್ಬು. ‘ಇದೇ ಕಿವಿಯ ದಾರಿ. ಇಲ್ಲೊಂದು ಪಾಠ ಇದೆ, ಕೂತ್ಕೋ’ ಎಂದೆ. ನಿವೃತ್ತನಾದ ಮೇಲೆ ರಾಯಚೂರಿನ ಒಬ್ಬ ಕಿವಿ, ಮೂಗು, ಗಂಟಲು ವೈದ್ಯರು ಪ್ಲಾಸ್ಟಿಕ್ ಮಾದರಿ ಇಟ್ಟುಕೊಂಡು ನನಗೆ ಹೇಳಿಕೊಟ್ಟ ಪಾಠ ಅದು. ಬಿ.ಕಾಂ. ಓದಿದವನಿಗೂ ಅರ್ಥವಾಗುವಂತೆ ಹೇಳಿದ್ದರು. ಅದನ್ನೇ ನಿಮಗೂ ಹೇಳುತ್ತೇನೆ.

ತಲೆಬುರುಡೆಯ ಎರಡೂ ಪಕ್ಕದಲ್ಲಿ ಕಿವಿಯ ಸುತ್ತ ಒಂದೊಂದು ಮೂಳೆ ಇದೆ. ಕಣತಲೆಯ ಮೂಳೆ ಎನ್ನೋಣ. ಕಣತಲೆಗೆ ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಶಂಖ ಎಂಬ ಹೆಸರಿದೆ. ಇದು ಒಂದೇ ಮೂಳೆಯಂತೆ ಕಂಡರೂ ಕೂಡುಕುಟುಂಬದಂತೆ ಹಲವು ತುಂಡುಗಳು ಸೇರಿ ಆದದ್ದು. ಮೇಲೆ ಬಿಲ್ಲೆಯಂತೆ ತೆಳ್ಳನೆಯ ಹಲಗೆ. ಹಿಂದೆ ಕೆಳಗೆ, ನೀವು ಮುಟ್ಟಿ ನೋಡಿದ ಗಟ್ಟಿ ಉಬ್ಬು. ಕೆಳಗೆ ಚೂಪಾದ ಒಂದು ಮುಳ್ಳು. ಒಳಗೆ, ಮಿದುಳಿನ ಅಡಿಯಲ್ಲಿ, ಕಲ್ಲಿನಂತಹ ಒಂದು ಭಾಗ. ಇವೆಲ್ಲದರ ನಡುವೆ ಕಿವಿಯ ಕಾಲುವೆಗೆ ಕಟ್ಟೆ ಕಟ್ಟಿದ ಒಂದು ಸಣ್ಣ ಮೂಳೆ. ಈ ಕೊನೆಯದರ ಕತೆ ಬಹಳ ಸೊಗಸು.

ಕಿವಿಯ ತೂತಿನಿಂದ ತಮಟೆಯವರೆಗಿನ ಕಾಲುವೆ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರರಲ್ಲೊಂದು ಪಾಲಿನ ಗೋಡೆ ಮೃದ್ವಸ್ಥಿ, ಒಳಗಿನ ಮೂರರಲ್ಲೆರಡು ಪಾಲಿನ ಗೋಡೆ ಮೂಳೆ. ಹುಟ್ಟಿದ ಕೂಸಿನಲ್ಲಿ ಈ ಮೂಳೆಯ ಗೋಡೆಯೇ ಇರುವುದಿಲ್ಲ. ಮೇಲ್ಗಡೆ ಬಾಯಿ ತೆರೆದ ಒಂದು ಉಂಗುರ ಮಾತ್ರ ಇರುತ್ತದೆ. ಕುದುರೆಯ ಲಾಳ ನೋಡಿದ್ದೀರಲ್ಲ, ಹಾಗೆ. ತಮಟೆಯ ಚರ್ಮವನ್ನು ಬಿಗಿದು ಹಿಡಿಯುವ ಬಳೆ ಅದು. ಮಗು ಬೆಳೆದಂತೆ ಈ ಉಂಗುರ ಹೊರಮುಖವಾಗಿ ಬೆಳೆದು ದೋಣಿಯಂತಾಗುತ್ತದೆ. ಕಾಲುವೆಗೆ ನೆಲ, ಮುಂದಿನ ಗೋಡೆ, ಹಿಂದಿನ ಗೋಡೆಯ ಒಂದಿಷ್ಟನ್ನು ಅದೇ ಕಟ್ಟಿಕೊಡುತ್ತದೆ. ಚಾವಣಿಯನ್ನು ಮೇಲಿನ ಹಲಗೆ ಮೂಳೆ ಹಾಕಿಕೊಡುತ್ತದೆ.

ಇನ್ನೂ ಒಂದು ಸ್ವಾರಸ್ಯ. ಉಂಗುರದ ಎರಡು ಕಡೆಯಿಂದ ಮೂಳೆ ಬೆಳೆದು ಬಂದು ಕೂಡಿಕೊಳ್ಳುವಾಗ ನಡುವೆ ನೆಲದಲ್ಲಿ ಒಂದು ತೂತು ಉಳಿಯುತ್ತದೆ. ಗಾರೆಯವನು ಕೊನೆಗೆ ಮುಚ್ಚೋಣವೆಂದು ಬಿಟ್ಟ ಕಿಂಡಿಯ ಹಾಗೆ. ಸಾಮಾನ್ಯವಾಗಿ ಐದು ವರ್ಷದ ಆಸುಪಾಸಿಗೆ ಅದು ಮುಚ್ಚಿಹೋಗುತ್ತದೆ. ಕೆಲವರಲ್ಲಿ ಮುಚ್ಚದೆ ಹಾಗೇ ಉಳಿಯುವುದೂ ಉಂಟು. ಅಂದರೆ ಒಂದನೇ ತರಗತಿಗೆ ಸೇರುವ ಮಗುವಿನ ಕಿವಿಯಲ್ಲಿ ಮೇಸ್ತ್ರಿ ಕೆಲಸ ಇನ್ನೂ ನಡೆದೇ ಇರುತ್ತದೆ.

ಕಿವಿಯ ಹಿಂದಿನ ಉಬ್ಬೂ ಅಷ್ಟೆ. ಹುಟ್ಟಿದಾಗ ಅದು ಇರುವುದಿಲ್ಲ. ಮಗು ತಲೆ ಎತ್ತುತ್ತದೆ, ಕತ್ತು ತಿರುಗಿಸುತ್ತದೆ. ಆಗ ಕತ್ತಿನ ಸ್ನಾಯು ಎಳೆದೂ ಎಳೆದೂ ಆ ಜಾಗ ಉಬ್ಬುತ್ತದೆ. ಕೂಸಿನ ಕತ್ತು ನಿಂತಿತೇ ಎಂದು ಅಜ್ಜಿಯರು ಕೇಳುತ್ತಾರಲ್ಲ, ಆ ಹೊತ್ತಿನಲ್ಲಿ ಕಿವಿಯ ಹಿಂದೆ ಒಂದು ಗುಡ್ಡ ಎದ್ದೇಳಲು ತೊಡಗಿರುತ್ತದೆ.

‘ಈ ಮೇಕೆಗೆ ಕಿವಿ ದವಡೆ ಹತ್ತಿರ ಯಾಕಿದೆ?’ ಎಂದು ಮೊಮ್ಮಗಳು ಕೇಳಿದಳು. ನಿಮಗೂ ಹತ್ತಿರವೇ ಇದೆ. ಕಿರುಬೆರಳಿನ ತುದಿಯನ್ನು ಕಿವಿಯ ಬಾಯಲ್ಲಿ ಹಗುರವಾಗಿ ಇಟ್ಟು, ಬಾಯಿ ತೆರೆದು ಮುಚ್ಚಿ. ಬೆರಳಿಗೆ ಏನೋ ಸರಿದಾಡಿದಂತೆ ಆಗುತ್ತದೆ. ಅದು ನಿಮ್ಮ ದವಡೆಯ ಕೀಲು. ಕಿವಿಯ ಕಾಲುವೆಯ ಮುಂದಿನ ಗೋಡೆಯ ಆಚೆಗೇ ಅದರ ಮನೆ. ಹಲ್ಲು ನೋವಾದಾಗ ಕಿವಿ ನೋವಾದಂತೆ ಅನ್ನಿಸುವುದುಂಟು. ಅವು ನೆರೆಹೊರೆ ಮಾತ್ರವಲ್ಲ, ಒಂದೇ ಹುರಿಯ ನರದ ಎಳೆಗಳು ಎರಡು ಕಡೆಗೂ ಹೋಗಿರುತ್ತವೆ.

ನೆರೆಹೊರೆಗಿಂತ ಹಳೆಯ ಸಂಬಂಧವೂ ಇದೆ. ಹಲ್ಲಿ, ಓತಿಕ್ಯಾತಗಳ ಕೆಳದವಡೆ ಹಲವು ಮೂಳೆಗಳಿಂದ ಆಗಿರುತ್ತದೆ. ನಮ್ಮದು ಒಂದೇ ಮೂಳೆ. ಉಳಿದವು ಎಲ್ಲಿ ಹೋದವು? ಕಿವಿಗೆ ಬಂದವು! ಕೋಟಿಗಟ್ಟಲೆ ವರ್ಷಗಳಲ್ಲಿ, ಸಸ್ತನಿಗಳ ಪೂರ್ವಜರಲ್ಲಿ, ಅಗಿಯುವ ಕೆಲಸದಿಂದ ಬಿಡುವಾದ ಮೂಳೆಗಳು ಕೇಳುವ ಕೆಲಸಕ್ಕೆ ವರ್ಗವಾದವು. ದವಡೆಯ ಕೀಲಿನ ಎರಡು ಮೂಳೆಗಳು ಕಿವಿಯೊಳಗೆ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಪುಟ್ಟ ಮೂಳೆಗಳಾದವು. ದವಡೆಯ ಮೂಲೆಯ ಇನ್ನೊಂದು ಮೂಳೆ, ಆಗ ಹೇಳಿದೆನಲ್ಲ, ಆ ಲಾಳದಂತಹ ಉಂಗುರವಾಯಿತು. ಪುಟ್ಟ ಮೂಳೆಗಳ ಈ ಹಳೆಯ ನಂಟನ್ನು ಜರ್ಮನಿಯ ರೈಖರ್ಟ್ ಎಂಬ ವಿಜ್ಞಾನಿ 1837ರಲ್ಲಿ ಹುಟ್ಟುವ ಮೊದಲಿನ ಮರಿಗಳನ್ನು ಪರೀಕ್ಷಿಸಿ ಗುರುತಿಸಿದ. ಬ್ಯಾಂಕಿನಲ್ಲಿ ನನಗೆ ಆರು ಸಲ ವರ್ಗವಾಯಿತು. ಪ್ರತಿ ಸಲವೂ ಗೊಣಗಿದ್ದೆ. ಈ ಮೂಳೆಗಳಷ್ಟು ದೊಡ್ಡ ವರ್ಗಾವಣೆಯನ್ನು ಇಷ್ಟು ಸದ್ದಿಲ್ಲದೆ ಒಪ್ಪಿಕೊಂಡವರು ಇಲ್ಲ.

ಸುತ್ತಿಗೆ, ಅಡಿಗಲ್ಲು ಆದ ಮೇಲೆ ಮೂರನೆಯದು ರಿಕಾಪು. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರವೇ ಅದಕ್ಕೆ. ಉದ್ದ ಮೂರು ಮಿಲಿಮೀಟರ್ ಮಾತ್ರ, ಜೋಳದ ಕಾಳಿಗಿಂತ ಚಿಕ್ಕದು. ನಮ್ಮ ಮೈಯಲ್ಲಿ ಅದಕ್ಕಿಂತ ಸಣ್ಣ ಮೂಳೆ ಇನ್ನೊಂದಿಲ್ಲ. ತಮಟೆಯ ಅಲುಗಾಟವನ್ನು ಈ ಮೂರು ಒಂದರಿಂದೊಂದಕ್ಕೆ ದಾಟಿಸಿ, ಆಚೆಗಿನ ಬಸವನಹುಳುವಿನ ಚಿಪ್ಪಿನಂತಹ ಎರಡೂವರೆ ಸುತ್ತಿನ ಕೊಳವೆಗೆ ತಲುಪಿಸುತ್ತವೆ. ಅಲ್ಲಿ ಅದು ನರಕ್ಕೆ ಸುದ್ದಿಯಾಗುತ್ತದೆ.

ಆ ಸುರುಳಿ ಕೊಳವೆ ಇರುವುದು ಕಲ್ಲಿನಂತಹ ಭಾಗದಲ್ಲಿ. ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿಟ್ಟ ಹೆಸರಿನ ಅರ್ಥವೂ ಕಲ್ಲು ಎಂದೇ. ನಮ್ಮ ದೇಹದ ಅತ್ಯಂತ ಗಟ್ಟಿ ಮೂಳೆಗಳಲ್ಲಿ ಅದೂ ಒಂದು. ಬ್ಯಾಂಕಿನಲ್ಲಿ ಹಣ ಎಣಿಸುವ ಜಾಗಕ್ಕೆ ಗಾಜಿನ ಗೋಡೆಯಾದರೂ ಸಾಕು, ಒಡವೆ ಇಡುವ ಕೋಣೆಗೆ ಮಾತ್ರ ದಪ್ಪ ಕಾಂಕ್ರೀಟು ಬೇಕು. ದೇಹವೂ ಹಾಗೆಯೇ ಲೆಕ್ಕ ಹಾಕಿದೆ. ಇನ್ನೊಂದು ವಿಶೇಷವೆಂದರೆ, ಒಳಗಿವಿ ಹುಟ್ಟುವಾಗಲೇ ಪೂರ್ತಿ ಗಾತ್ರಕ್ಕೆ ಬೆಳೆದಿರುತ್ತದೆ. ತೊಟ್ಟಿಲಿನ ಕೂಸಿನದೂ ಅಷ್ಟೇ, ಅದನ್ನು ತೂಗುವ ತಾತನದೂ ಅಷ್ಟೇ.

ಗಟ್ಟಿಯಾದ್ದರಿಂದಲೇ ಈ ಮೂಳೆ ಸಾವಿರಾರು ವರ್ಷದ ಗುಟ್ಟುಗಳನ್ನೂ ಕಾಪಾಡುತ್ತದೆ. ಹರಿಯಾಣದ ರಾಖಿಗಢಿಯಲ್ಲಿ ಸಿಂಧೂ ನಾಗರಿಕತೆಯ ಕಾಲದ ಅಸ್ಥಿಪಂಜರಗಳು ಸಿಕ್ಕವು. ಬಿಸಿ ಸೀಮೆಯ ಮಣ್ಣಿನಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. 61 ಮಾದರಿಗಳನ್ನು ಪರೀಕ್ಷಿಸಿದಾಗ ಒಬ್ಬ ಹೆಂಗಸಿನ ಮಾದರಿಯಿಂದ ಮಾತ್ರ ಡಿಎನ್‌ಎ ದಕ್ಕಿತು, ಅದೂ ಕಿವಿಯ ಈ ಕಲ್ಲುಮೂಳೆಯಿಂದ. 2019ರಲ್ಲಿ ಅದು ಪ್ರಕಟವಾಯಿತು. ಸುಮಾರು ನಾಲ್ಕೂವರೆ ಸಾವಿರ ವರ್ಷದ ಠೇವಣಿಯನ್ನು ಕಿವಿ ಜೋಪಾನವಾಗಿ ಹಿಂದಿರುಗಿಸಿತು!

ಅದೇ 2019ರಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಸದಾ ತಣ್ಣೀರಿನಲ್ಲಿ ಈಜುವವರ ಕಿವಿಯ ಕಾಲುವೆಯ ಮೂಳೆಯಲ್ಲಿ ಗಂಟುಗಳು ಬೆಳೆಯುತ್ತವೆ. ಯುರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ಬದುಕಿದ್ದ ನಿಯಾಂಡರ್ತಾಲ್ ಮಾನವರ ತಲೆಬುರುಡೆಗಳಲ್ಲೂ ಅಂತಹ ಗಂಟುಗಳು ಬಹಳ ಸಲ ಕಂಡಿವೆ. ಅವರು ನೀರಿನಲ್ಲಿ ಹುಡುಕಾಡಿ ಆಹಾರ ಸಂಪಾದಿಸುತ್ತಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ಇಷ್ಟು ಹೇಳಿದಾಗ ಮೊಮ್ಮಗಳು, ‘ನೀನೂ ಬಾವೀಲಿ ಈಜಿದ್ಯಲ್ಲ, ನಿಂಗೂ ಗಂಟಿದ್ಯಾ?’ ಎಂದಳು. ‘ರಾಯಚೂರಿನ ಬೇಸಿಗೆ ಬಾವಿ ನೀರಿನಲ್ಲಿ ಅಕ್ಕಿ ಹಾಕಿದರೆ ಅನ್ನ ಆಗ್ತದೆ, ಗಂಟೆಲ್ಲಿ ಬರಬೇಕು’ ಎಂದೆ.

ಆಮೇಲೆ ಅವಳು ಕೇಳಬೇಕಾದದ್ದನ್ನೇ ಕೇಳಿದಳು. ‘ಅಷ್ಟು ಗಟ್ಟಿ ಮೂಳೆ ಇದ್ದರೆ ನಿನಗೆ ಕೀವು ಹೇಗೆ ಒಳಗೆ ಹೋಯ್ತು?’

ಎಲ್ಲ ಭಾಗವೂ ಕಲ್ಲಲ್ಲ ಮಗಳೇ, ಅದೇ ಸಂಗತಿ. ಕಿವಿಯ ಹಿಂದಿನ ಉಬ್ಬು ಹೊರಗಿನಿಂದ ಗಟ್ಟಿ, ಒಳಗೆ ಜೇನುಗೂಡು. ಸಣ್ಣ ಸಣ್ಣ ಗಾಳಿಗೂಡುಗಳು. ತಮಟೆಯ ಹಿಂದಿನ ನಡುಗಿವಿಗೂ ಆ ಗೂಡುಗಳಿಗೂ ದಾರಿಯಿದೆ. ನಡುಗಿವಿಗೂ ಮೂಗಿನ ಹಿಂಭಾಗಕ್ಕೂ ಒಂದು ನಳಿಕೆಯಿದೆ. ಬಸ್ಸು ಘಾಟಿ ಏರುವಾಗ ಕಿವಿ ಕಟ್ಟಿ, ಎಂಜಲು ನುಂಗಿದಾಗ ಬಿಡುತ್ತದಲ್ಲ, ಆ ನಳಿಕೆ ತೆರೆಯುವುದರಿಂದಲೇ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಡ್ಡ. ಆದ್ದರಿಂದ ನೆಗಡಿಯ ಸೋಂಕು ಮೂಗಿನಿಂದ ಕಿವಿಗೆ ಸಲೀಸಾಗಿ ಸಾಗುತ್ತದೆ. ನಡುಗಿವಿಯಲ್ಲಿ ಕೀವು ತುಂಬಿದಾಗ ಅದು ತಮಟೆಯನ್ನು ಒಡೆದು ಹೊರಗೆ ಬರುತ್ತದೆ. ಕಿವಿ ಸೋರುವುದೆಂದರೆ ಇದೇ. ಒತ್ತಡ ಇಳಿದು ನೋವೂ ಇಳಿಯುತ್ತದೆ. ವಾಸಿಯಾಯಿತೆಂದು ನಾವು ಮೋಸಹೋಗುತ್ತೇವೆ. ಕೀವು ಹಿಂದಕ್ಕೆ ಸರಿದು ಜೇನುಗೂಡಿಗೆ ಸೇರಿದರೆ ಮೂಳೆಯನ್ನೇ ಕರಗಿಸುತ್ತದೆ. ಗೂಡಿಗೂ ಮಿದುಳಿಗೂ ನಡುವೆ ಇರುವುದು ತೆಳ್ಳನೆಯ ಮೂಳೆಯ ಹಾಳೆ ಮಾತ್ರ.

ಪ್ಯಾರಿಸ್ಸಿನ ಪೆಟಿ ಎಂಬ ಶಸ್ತ್ರವೈದ್ಯ ಹದಿನೆಂಟನೇ ಶತಮಾನದಲ್ಲೇ ಈ ಮೂಳೆ ಕೊರೆದು ಕೀವು ತೆಗೆದಿದ್ದ. 1873ರಲ್ಲಿ ಜರ್ಮನಿಯ ಶ್ವಾರ್ಟ್ಸೆ ಮತ್ತು ಅವನ ಸಹಾಯಕ ಆ ಶಸ್ತ್ರಚಿಕಿತ್ಸೆಗೆ ಕ್ರಮಬದ್ಧ ರೂಪ ಕೊಟ್ಟರು. ಪೆನ್ಸಿಲಿನ್‌ನಂತಹ ಔಷಧಿಗಳು ಬರುವವರೆಗೆ ಎಷ್ಟೋ ಮಕ್ಕಳಿಗೆ ಅದೊಂದೇ ದಾರಿ. ಈಗ ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕರೆ ಉಳಿ, ಸುತ್ತಿಗೆಯ ಮಾತೇ ಬರುವುದಿಲ್ಲ.

ಕತ್ತಲಾಗುವ ಮುಂಚೆ ಊರಿಗೆ ತಿರುಗಿದೆವು. ಮೇಕೆಯ ಬುರುಡೆಯನ್ನು ಅಲ್ಲೇ ಬಂಡೆಯ ಮೇಲೆ ಇಟ್ಟು ಬಂದಳು.

ಮಾರನೆಯ ದಿನ ರಾಯಚೂರಿನಲ್ಲಿ ವೈದ್ಯರು ಹುಡುಗನ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ದೀಪ ಬಿಟ್ಟು ನೋಡಿದರು. ಕಾಲುವೆ ನೇರವಾಗಿಲ್ಲ, ಡೊಂಕಾಗಿದೆ. ಹಾಗೆ ಎಳೆದರೆ ನೇರವಾಗುತ್ತದೆ. ಸಣ್ಣ ಕೂಸಾದರೆ ಕೆಳಕ್ಕೆ ಎಳೆಯಬೇಕು. ತಮಟೆಯಲ್ಲಿ ಸಣ್ಣ ತೂತಾಗಿತ್ತು. ಕೀವು ಹಿಂದಕ್ಕೆ ಸರಿದಿರಲಿಲ್ಲ. ಒರೆಸಿ ಸ್ವಚ್ಛ ಮಾಡಿ, ಔಷಧಿ ಬರೆದು, ಕಿವಿಗೆ ನೀರು ತಾಗದಂತೆ ನೋಡಿಕೊಳ್ಳಿ, ಇಂತಹ ತೂತು ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ, ಆದರೂ ಮತ್ತೆ ತಂದು ತೋರಿಸಿ ಎಂದರು. ಹುಡುಗನ ಅಜ್ಜಿ ಬೆಳ್ಳುಳ್ಳಿ ಎಣ್ಣೆಯ ಮಾತೆತ್ತಿದರು. ತಮಟೆಯಲ್ಲಿ ತೂತಿರುವಾಗ ಎಣ್ಣೆ ಬಿಟ್ಟರೆ ಅದು ನಡುಗಿವಿಗೇ ಹೋಗುತ್ತದೆ, ಬಿಸಿ ಹೆಚ್ಚಾದರೆ ಸುಡುತ್ತದೆ, ಕೀವನ್ನಂತೂ ಗುಣಪಡಿಸುವುದಿಲ್ಲ ಎಂದು ವೈದ್ಯರು ಸಮಾಧಾನದಿಂದ ಹೇಳಿದರು.

ಅಜ್ಜ ಅಜ್ಜಿಯರಿಗೆ ನಾನು ಹೇಳುವುದೂ ಇಷ್ಟೇ. ಗುಗ್ಗೆಯನ್ನು ಕಡ್ಡಿ, ಪಿನ್ನು, ಬೀಗದ ಕೈ ಹಾಕಿ ತೆಗೆಯಬೇಡಿ. ಕಿವಿಯ ಕಾಲುವೆಯ ಚರ್ಮ ಒಳಗಿನಿಂದ ಹೊರಕ್ಕೆ ತಾನೇ ಸರಿಯುತ್ತ ಗುಗ್ಗೆಯನ್ನು ಬಾಗಿಲಿಗೆ ತಂದು ಹಾಕುತ್ತದೆ. ಕಡ್ಡಿ ಹಾಕಿದರೆ ಅದನ್ನು ಹಿಂದಕ್ಕೆ ನೂಕಿದಂತೆ. ತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಮಾತ್ರ. ಸಿಟ್ಟು ಬಂದರೂ ಮಕ್ಕಳ ಕಪಾಳಕ್ಕೆ ಹೊಡೆಯಬೇಡಿ, ಆ ಗಾಳಿಯ ಪೆಟ್ಟಿಗೇ ತಮಟೆ ಹರಿಯಬಹುದು. ಕಿವಿ ಸೋರಿದರೆ, ಕಿವಿಯ ಹಿಂದೆ ಬಾತರೆ, ಕರೆದಾಗ ಮಗು ತಿರುಗಿ ನೋಡದಿದ್ದರೆ ತಡ ಮಾಡಬೇಡಿ. ನಮ್ಮ ಕಾಲದಲ್ಲಿ ಹೈದರಾಬಾದಿಗೆ ಹೋಗಬೇಕಿತ್ತು. ಈಗ ರಾಯಚೂರಿನಲ್ಲೇ ವೈದ್ಯಕೀಯ ಕಾಲೇಜಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಕೇಳಿಸದ ಮಕ್ಕಳಿಗೆ ಮಾತು ಕಲಿಸುವ ದೊಡ್ಡ ಕೆಲಸ ಅಲ್ಲಿ ನಡೆಯುತ್ತದೆ.

ರಾಯಚೂರಿನಿಂದ ಹುಡುಗನನ್ನು ಬಿಡಲು ನಾನೂ ಮತ್ತೆ ಊರಿಗೆ ಹೋದೆ. ರಾತ್ರಿ ಊಟವಾದ ಮೇಲೆ ಚಿಕ್ಕಮ್ಮ ನನ್ನನ್ನು ಹತ್ತಿರ ಕರೆದರು. ಬಲಗಡೆಯೇ ಕೂತರು, ಅವರು ಮರೆತಿರಲಿಲ್ಲ.

‘ಡಾಕ್ಟರು ಏನಂದ್ರು? ಎಣ್ಣಿಯಿಂದ ಕಿವಿ ಹೊಕ್ಕಾವೇನು?’ ಎಂದರು.

ಇದೇ ಪ್ರಶ್ನೆಯನ್ನು ನಾನು ನಿವೃತ್ತನಾದ ಮೇಲೆ ಆ ಪಾಠ ಹೇಳಿದ ವೈದ್ಯರಿಗೆ ಕೇಳಿದ್ದೆ. ಅವರು ಹೇಳಿದ್ದು ಇದು: ನಿಮ್ಮ ಕೀವು ಎಣ್ಣೆಯಿಂದ ಬಂದದ್ದಲ್ಲ, ಮೂಗಿನಿಂದ ಬಂದದ್ದು. ಎಣ್ಣೆ ಒಳ್ಳೆಯದನ್ನೇನೂ ಮಾಡಲಿಲ್ಲ. ಆದರೆ ಮೂಳೆ ಕರಗಿದ್ದು ಅದರಿಂದಲ್ಲ, ಹದಿನೈದು ದಿನ ಔಷಧಿ ಸಿಗದೆ ಹೋದದ್ದರಿಂದ. ಅಷ್ಟು ಹೊತ್ತಿಗೆ ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ತನ್ನ ಕೈಯಿಂದಲೇ ಮಗನ ಕಿವಿ ಹೋಯಿತೆಂದು ನಂಬಿಕೊಂಡೇ ಆಕೆ ಹೋದಳು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಬರಿ ಕಿವಿಯಲ್ಲಿ ನಲವತ್ತು ವರ್ಷ ಓಡಾಡಿದಳು, ಅಷ್ಟೇ. ವೈದ್ಯರನ್ನು ಆ ಒಂದು ಮಾತು ಕೇಳಲು ನಾನೇಕೆ ಅಷ್ಟು ತಡ ಮಾಡಿದೆನೋ! ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಕೂತು ಹುಡುಕುತ್ತಿದ್ದವನು ನಾನು.

ವೈದ್ಯರ ಮಾತನ್ನು ಚಿಕ್ಕಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

‘ಅಕ್ಕ ಬರೇ ಹಾಕಿದಾಕಿ. ಎಣ್ಣಿ ಕಾಸಿದಾಕಿ ನಾನು’ ಎಂದರು.

ಆಗ ಅವರಿಗೆ ಹದಿನೇಳೋ ಹದಿನೆಂಟೋ. ಆ ವಯಸ್ಸಿನಿಂದ ಈ ವಯಸ್ಸಿನವರೆಗೆ ಅದನ್ನು ಇಟ್ಟುಕೊಂಡಿದ್ದರು. ಕೈ ಚಾಚಿ ನನ್ನ ಎಡಗಿವಿಯ ಹಿಂದಿನ ಕುಳಿಯನ್ನು ಹುಡುಕಿ, ಅದರಲ್ಲಿ ಹೆಬ್ಬೆರಳು ಇಟ್ಟರು. ‘ನೋಯ್ತೈತೇನು?’ ಎಂದರು. ‘ಇಲ್ಲ ಚಿಗವ್ವ, ಎಂದೋ ಮಾಯ್ದೈತಿ’ ಎಂದೆ.

ಹದಿನೈದು ದಿನದ ಮೇಲೆ ಊರಿನಿಂದ ಫೋನು ಬಂತು. ಹುಡುಗನ ಕಿವಿ ಒಣಗಿದೆ, ಶಾಲೆಗೆ ಹೋಗುತ್ತಿದ್ದಾನೆ. ಅವನ ಅಜ್ಜಿ ಫೋನು ಕಸಿದುಕೊಂಡು, ಅವತ್ತು ಕಾಸಿದ ಆ ಬೆಳ್ಳುಳ್ಳಿ ಎಣ್ಣೆಯನ್ನು ಕೆಡಿಸಲಿಲ್ಲ, ಬ್ಯಾಳಿ ಒಗ್ಗರಣೆಗೆ ಹಾಕಿದೆ ಎಂದರು. ಬಲಗಿವಿಗೆ ಫೋನು ಹಿಡಿದು ನಾನು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಮೊದಲ ಸಲವೇ ಸರಿಯಾಗಿ ಕೇಳಿಸಿತ್ತು.